ಅರ್ತ್ ಇಲ್ಲದ ವೈಪರು

ಇವತ್ತು ಬೆಳಿಗ್ಗೆ ಕಾಫಿ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಮಾಮನ ಫೋನ್ ಬಂತು. ‘ಅಳಿಯಂದ್ರೇ, ಅರ್ತ್ ನೋಡಿಸಿದ್ರಾ?’

ನನಗೆ ಮೈಯೆಲ್ಲ ಉರಿದುಹೋಯಿತು.

ಮಾಮ ಅಂದರೆ ನನ್ನ ಹೆಂಡತಿಯ ಸೋದರಮಾವ. ಮೈಸೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿ ರಿಟೈರ್ ಆದವರು. ಕರೆಂಟಿಗೂ ಅವರಿಗೂ ತಿಂಗಳ ಬಿಲ್ಲು ಬಿಟ್ಟರೆ ಬೇರೆ ಸಂಬಂಧವಿಲ್ಲ. ಆದರೂ ಏನು ಕೆಟ್ಟರೂ ಅವರದು ಒಂದೇ ತೀರ್ಪು, ಅರ್ತ್. ಕಾರಿನಲ್ಲಾದರೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಅದು. ಫ್ಯಾನ್ ನಿಂತರೆ ಅರ್ತ್ ಹೋಗಿದೆ. ಮೊಬೈಲ್ ಬಿಸಿಯಾದರೆ ಅರ್ತ್ ಸರಿಯಿಲ್ಲ. ಪಕ್ಕದ ಮನೆ ಹುಡುಗನ ಮದುವೆ ಮುರಿದುಬಿದ್ದಾಗಲೂ ‘ಎಲ್ಲೋ ಅರ್ತ್ ಆಗಿಲ್ಲ ಕಣಮ್ಮ’ ಅಂದರಂತೆ. ‘ಅರ್ಥ ಇಲ್ಲದ ಪದ್ಯ, ಅರ್ತ್ ಇಲ್ಲದ ಮೋಟಾರು, ಎರಡೂ ಒಂದೇ’ ಅನ್ನುವುದು ಅವರ ಖಾಯಂ ಡೈಲಾಗು. ಇಂಥವರ ಮಾತು ಕೇಳಿ ಯಾರಾದರೂ ಸ್ಪ್ಯಾನರ್ ಹಿಡಿಯುತ್ತಾರಾ?

ಕೆಟ್ಟಿದ್ದು ನಮ್ಮ ಪದ್ಮಿನಿಯ ವೈಪರ್. ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಗೇರು ಸ್ಟೀರಿಂಗ್ ಪಕ್ಕದಲ್ಲೇ. ಅಪ್ಪ ಕೊಂಡ ಕಾರು. ಮನೆಯಲ್ಲಿ ಇವತ್ತಿಗೂ ಅದು ‘ಫಿಯಟ್ಟು’. ತಯಾರಿಕೆ 2001ರಲ್ಲೇ ನಿಂತಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈನ ಟ್ಯಾಕ್ಸಿ ಕೆಲಸವೂ ಮುಗಿಯಿತು. ಈಗ ಸ್ಪೇರ್ ಪಾರ್ಟ್ ಕೇಳಿಕೊಂಡು ಹೋದರೆ ಅಂಗಡಿಯವರು ನಮ್ಮನ್ನು ಸಾವಿನ ಮನೆಯವರ ಹಾಗೆ ಮೆತ್ತಗೆ ಮಾತಾಡಿಸುತ್ತಾರೆ.

ಕಳೆದ ತಿಂಗಳು ಮಂಡ್ಯದಲ್ಲಿ ನೆಂಟರ ಗೃಹಪ್ರವೇಶ. ವಾಪಸ್ ಬರುವಾಗ ಡಿಕ್ಕಿಯಲ್ಲಿ ಬಾಳೆಗೊನೆ, ಪಕ್ಕದಲ್ಲಿ ಮಾಮ, ಹಿಂದೆ ಹೆಂಡತಿ. ಶ್ರೀರಂಗಪಟ್ಟಣ ದಾಟಿದ್ದೇ ತಡ, ಮಳೆ ಹಿಡಿಯಿತು. ಸ್ವಿಚ್ ಹಾಕಿದೆ. ವೈಪರ್ ಎರಡು ಸಲ ಕೈಬೀಸಿ ಟಾಟಾ ಹೇಳಿತು, ಆಮೇಲೆ ಗಾಜಿನ ನಡುಮಧ್ಯೆ ನಿಂತುಬಿಟ್ಟಿತು.

‘ಅರ್ತು’ ಅಂದರು ಮಾಮ.

ಟೀ ಅಂಗಡಿಯವನ ಹತ್ತಿರ ಬೀಡಿ ಇಸಕೊಂಡು, ಒಳಗಿನ ಹೊಗೆಸೊಪ್ಪು ತೆಗೆದು ಗಾಜಿಗೆ ಉಜ್ಜಿದೆ. ಹಳೇ ಲಾರಿ ಡ್ರೈವರ್‌ಗಳ ಉಪಾಯ. ನೀರು ಹನಿಹನಿಯಾಗಿ ನಿಲ್ಲದೆ ಸಲೀಸಾಗಿ ಹರಿದುಹೋಗುತ್ತದೆ. ಹತ್ತು ನಿಮಿಷ ನಡೆಯಿತು. ಮಳೆ ಜೋರಾಯಿತು, ಹೊಗೆಸೊಪ್ಪೂ ಕೈಕೊಟ್ಟಿತು.

ಆಗ ಮಾಮನ ಕಣ್ಣು ಬಾಳೆಗೊನೆ ಕಟ್ಟಿದ್ದ ಹಗ್ಗದ ಮೇಲೆ ಬಿತ್ತು.

ವೈಪರಿಗೆ ಹಗ್ಗ ಕಟ್ಟಿ, ಒಂದು ತುದಿ ಎಡಗಡೆ ಕಿಟಕಿಯಿಂದ ಮಾಮನಿಗೆ, ಇನ್ನೊಂದು ಬಲಗಡೆ ಹಿಂದಿನ ಕಿಟಕಿಯಿಂದ ನನ್ನವಳಿಗೆ. ಮಾಮ ಎಳೆದರು. ವೈಪರ್ ಮಿಸುಕಲಿಲ್ಲ. ಒಳಗೆ ವರ್ಮ್ ಗೇರ್ ಇರುತ್ತದಲ್ಲ, ಮೋಟಾರು ವೈಪರನ್ನು ಆಡಿಸಬಹುದೇ ಹೊರತು ವೈಪರು ಮೋಟಾರನ್ನು ಆಡಿಸಲಾರದು. ಥೇಟ್ ಮಾಮನಿಗೂ ನಮಗೂ ಇರುವ ಸಂಬಂಧ. ಕೊನೆಗೆ ಮಳೆಯಲ್ಲಿ ನೆನೆಯುತ್ತಾ ಮೋಟಾರಿನಿಂದ ಲಿಂಕ್ ಬಿಡಿಸಿದೆ.

ಶುರುವಾಯಿತು ನೋಡಿ ಸಮುದ್ರಮಥನ. ಒಂದು ಕಡೆ ಮಾಮ, ಒಂದು ಕಡೆ ಇವಳು, ಮಧ್ಯೆ ಮಂದರ ಪರ್ವತದ ಹಾಗೆ ನಾನು. ದೇವತೆಗಳ ಕಡೆ ಯಾರು, ರಾಕ್ಷಸರ ಕಡೆ ಯಾರು ಅಂತ ಹೇಳಿದರೆ ಇವತ್ತು ರಾತ್ರಿ ಊಟ ಇಲ್ಲ.

‘ಮಾಮ, ಈಗ ಬಿಡಿ!’

‘ನೀನು ಎಳಿಯಮ್ಮ!’

‘ಎಳೀತಾ ಇದೀನಿ, ನೀವು ಬಿಟ್ರೆ ತಾನೇ!’

ಮಾಮನ ಕಷ್ಟ ಏನೆಂದರೆ, ಕೈ ಆಡಿಸದೆ ಮಾತಾಡಲು ಬರುವುದಿಲ್ಲ. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತ ಅಭ್ಯಾಸ. ಎರಡು ಸಲ ಎಳೆಯುತ್ತಾರೆ, ‘ಈ ಅರ್ತ್ ಅನ್ನೋದು ಏನಪ್ಪಾ ಅಂದ್ರೆ’ ಅಂತ ಹಗ್ಗ ಬಿಟ್ಟು ಕೈ ಎತ್ತುತ್ತಾರೆ. ವೈಪರ್ ರಪ್ಪನೆ ಇವಳ ಕಡೆ ಬೀಳುತ್ತದೆ. ನನಗೆ ಎದುರಿಗೆ ಬರುವುದು ಬಸ್ಸೋ ದೇವಸ್ಥಾನವೋ ಗೊತ್ತಾಗುವುದಿಲ್ಲ. ಹಗ್ಗಕ್ಕಾಗಿ ಎರಡೂ ಕಿಟಕಿ ತೆರೆದಿದ್ದರಿಂದ ಮಳೆಯೆಲ್ಲ ಒಳಗೇ ಬರುತ್ತಿತ್ತು. ಸಿದ್ದಲಿಂಗಪುರದ ಹೊತ್ತಿಗೆ ಗಾಜು ಒಣಗಿತ್ತು, ನಾವು ತೊಪ್ಪೆಯಾಗಿದ್ದೆವು. ಟಿಪ್ಪು ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಬಗ್ಗಿ ನೋಡಿದರು. ಲೈಸೆನ್ಸ್ ಕೇಳಲಿಲ್ಲ. ‘ಒಳಗೆ ಎಮ್ಮೆ ಗಿಮ್ಮೆ ಕಟ್ಟಿದ್ದೀರಾ ಸಾರ್?’ ಅಂದರು.

1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಪೇಟೆಂಟ್ ಪಡೆದ ವೈಪರೂ ಕೈಯಲ್ಲೇ ಆಡಿಸುವಂಥದ್ದು. ಆದರೆ ಅದಕ್ಕೆ ಒಳಗೊಂದು ಹಿಡಿ ಇತ್ತು, ಮಾಮ ಇರಲಿಲ್ಲ.

ಮಾರನೇ ದಿನದಿಂದ ರಿಪೇರಿ. ಫ್ಯೂಸ್ ನೋಡಿದೆ, ಸರಿಯಿತ್ತು. ಮೋಟಾರಿಗೆ ಬರುವ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ, ಉರಿಯಿತು. ಸ್ಪ್ಯಾನರ್ ಹಿಡಿಯಿಂದ ಮೋಟಾರಿಗೆ ಎರಡು ತಟ್ಟಿದೆ, ಗರ್ ಅಂದು ನಿಂತಿತು. ತಟ್ಟಿದರೆ ತಿರುಗುತ್ತದೆ ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಅಂತ ಲೆಕ್ಕ. ವೈಂಡಿಂಗ್ ಅಂಗಡಿಗೆ ಒಯ್ದೆ. ಹೊಸ ಬ್ರಷ್ ಹಾಕಿ, ಗಟ್ಟಿಯಾಗಿದ್ದ ಗ್ರೀಸ್ ಕೆರೆದು, ಬ್ಯಾಟರಿಗೆ ನೇರ ಕೊಟ್ಟು ತೋರಿಸಿದರು. ಬುಗುರಿ ಹಾಗೆ ತಿರುಗಿತು. ತಂದು ಕಾರಿಗೆ ಕೂರಿಸಿದೆ. ಸದ್ದೇ ಇಲ್ಲ.

ಮೂರು ಸಲ ಬಿಚ್ಚಿ, ಮೂರು ಸಲ ಕೂರಿಸಿದೆ. ಅರ್ತ್ ಒಂದನ್ನು ಮಾತ್ರ ನೋಡಲಿಲ್ಲ. ಬೇಕಂತಲೇ.

ಕೊನೆಗೆ ಬನ್ನಿಮಂಟಪದ ಕಡೆಯ ಆಟೋ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದುಕೊಂಡು ಬಂದೆ. ಅವನು ಏನೂ ಬಿಚ್ಚಲಿಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ವೈರ್ ಎಳೆದು ಮೋಟಾರಿನ ಮೈಗೆ ಮುಟ್ಟಿಸಿದ. ವೈಪರ್ ಓಡಿತು. ಮೋಟಾರಿನ ಅರ್ತ್ ವೈರ್ ಬಾಡಿಗೆ ಕೂರುವ ಸ್ಕ್ರೂ ಬಿಚ್ಚಿದ. ಕೆಳಗೆ ಹೊಳೆಯುವ ಕಪ್ಪು ಬಣ್ಣ. ಹೋದ ಆಯುಧಪೂಜೆಗೆ ಕಾರು ಚೆನ್ನಾಗಿ ಕಾಣಲಿ ಅಂತ ನಾನೇ ಹೊಡೆದಿದ್ದು. ಎರಡು ಕೋಟು. ಬಣ್ಣದ ಮೇಲೆ ಅರ್ತ್ ಎಲ್ಲಿಂದ ಆಗಬೇಕು? ಹುಡುಗ ಆಕ್ಸಾ ಬ್ಲೇಡಿನ ತುಂಡಿನಲ್ಲಿ ಕೆರೆಯುತ್ತಾ, ‘ಪೇಂಟ್ ಯಾರು ಸಾರ್ ಹೊಡೆದಿದ್ದು? ಬಲೇ ನೀಟಾಗಿದೆ’ ಅಂದ.

ಅವನು ಹೋದಮೇಲೆ ಸುಮ್ನೆ ಕಾರಿನೊಳಗೆ ಕೂತು ವೈಪರ್ ಹಾಕಿದೆ. ಗಾಜಿಗೆ ಒಂದು ಚೊಂಬು ನೀರು ಹೊಯ್ದಿದ್ದೆ. ಸರ್‌... ಟಕ್. ಸರ್‌... ಟಕ್. ಚಿಕ್ಕವನಿದ್ದಾಗ ಊಟಿಯಿಂದ ಮಳೆಯಲ್ಲಿ ಬರುವಾಗ ಈ ಸದ್ದು ಕೇಳುತ್ತಲೇ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಿದ್ದೆ. ನಂಜನಗೂಡಿನಲ್ಲಿ ಅಪ್ಪ ಎಬ್ಬಿಸಿ ಕೈಗೊಂದು ರಸಬಾಳೆ ಕೊಡುತ್ತಿದ್ದರು. ನೀರು ಒಣಗಿ ರಬ್ಬರ್ ಕಿರ್ರೆನ್ನುವವರೆಗೂ ಕೂತೇ ಇದ್ದೆ.

ಇಷ್ಟೆಲ್ಲ ಆಗಿ ಇವತ್ತು ಬೆಳಿಗ್ಗೆ ಈ ಫೋನು.

‘ಅರ್ತ್ ಅಲ್ಲ ಮಾಮ’ ಅಂದೆ. ‘ಬ್ರಷ್ ಹೋಗಿತ್ತು.’ ಬ್ರಷ್ ಹಾಕಿಸಿದ್ದಂತೂ ನಿಜ ತಾನೇ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನನಗೇ ಪಾಪ ಅನ್ನಿಸಿತು.

‘ಹಂಗಾದ್ರೆ ಅಳಿಯಂದ್ರೇ, ನಮ್ಮನೆ ಮಿಕ್ಸಿ ನಿಂತು ವಾರ ಆಯ್ತು. ಅದಕ್ಕೂ ಬ್ರಷ್ಷೇ ಇರಬೇಕು. ನಿಮಗೆ ಹೇಗೂ ಗೊತ್ತಲ್ಲ, ಭಾನುವಾರ ಬಂದುಬಿಡಿ. ಗ್ರೈಂಡರೂ ಯಾಕೋ ಸದ್ದು ಮಾಡ್ತಿದೆ.’