ಈರುಳ್ಳಿ ಸಿಪ್ಪೆಯ ಶುಭಾಶಯ

ಮಂಡಿಗೆ ಹೋಗಿ "ಈರುಳ್ಳಿ ಬೇಡ, ಬರೀ ಸಿಪ್ಪೆ ಸಾಕು" ಎಂದು ಕೇಳಿ ನೋಡಿ. ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಕೈಚೀಲ ನೋಡುತ್ತಾರೆ. "ಗಿಡಕ್ಕಾ ಅಕ್ಕಾ?" "ಅಲ್ಲಪ್ಪಾ, ಕಾರ್ಡಿಗೆ." ರೇಷನ್ ಕಾರ್ಡಿಗೂ ಈರುಳ್ಳಿ ಸಿಪ್ಪೆಗೂ ಏನು ಸಂಬಂಧ ಎಂದು ಅವರು ಯೋಚಿಸುವಷ್ಟರಲ್ಲಿ ಚೀಲ ತುಂಬಿಕೊಂಡು ಬಂದುಬಿಡಬೇಕು.

ನಾನು ಹೇಳುವುದು ಸಂಕ್ರಾಂತಿಗೆ ಕಳಿಸುವ ಶುಭಾಶಯದ ಕಾರ್ಡು. ಹಿಂದೆಲ್ಲ ಡಿಸೆಂಬರ್ ಬಂತೆಂದರೆ ಪುಸ್ತಕದ ಅಂಗಡಿಗಳ ಮುಂದೆ ಗ್ರೀಟಿಂಗ್ ಕಾರ್ಡುಗಳು ತೂಗಾಡುತ್ತಿದ್ದವು. ಈಗ ಹಬ್ಬದ ದಿನ ಹಾಸಿಗೆಯಿಂದ ಏಳುವ ಮೊದಲೇ ವಾಟ್ಸಾಪಿನಲ್ಲಿ ಕಬ್ಬು, ಎಳ್ಳು, ಬೆಲ್ಲ ಬಂದು ಬಿದ್ದಿರುತ್ತವೆ. ಯಾರೋ ಕಳಿಸಿದ್ದನ್ನು ಇನ್ಯಾರಿಗೋ ದಾಟಿಸುವುದು ನನಗೆ ಬೇಜಾರು. ಅದಕ್ಕೇ ಅಡುಗೆಮನೆಯ ಕಸದಿಂದ ಬಣ್ಣ ತೆಗೆಯುವ ಈ ಉಸಾಬರಿ.

ಕೆಲಸ ಏನೂ ಕಷ್ಟದ್ದಲ್ಲ. ಒಂದು ದೊಡ್ಡ ಹಿಡಿ ಒಣ ಸಿಪ್ಪೆಗೆ ಎರಡು ಲೋಟ ನೀರು, ಸಣ್ಣ ಉರಿ, ಅರ್ಧ ಗಂಟೆ. ಸೋಸಿದರೆ ಕೆಂಗಂದು ನೀರು. ಮನೆಯವರು ಅದನ್ನು ಕಷಾಯ ಅಂದುಕೊಂಡು ಲೋಟಕ್ಕೆ ಬಗ್ಗಿಸಿಕೊಂಡಿದ್ದೂ ಉಂಟು. ಅದಕ್ಕೊಂದು ಚಿಟಿಕೆ ಪಟಿಕದ ಪುಡಿ ಹಾಕಬೇಕು. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುತ್ತಾರಲ್ಲ, ಅದೇ ಪಟಿಕ. ಗ್ರಂಥಿಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದು ಬಿದ್ದ ಕೂಡಲೇ ಕಂದು ಬಣ್ಣ ಕಳೆದು ಹೊಳೆಯುವ ಹಳದಿ ಮೇಲೆ ಬರುತ್ತದೆ, ಕಾಗದವನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ದಪ್ಪ ಡ್ರಾಯಿಂಗ್ ಹಾಳೆಗೆ ಎರಡು ಸಲ ಬಳಿದರೆ ಜೇನಿನ ಬಣ್ಣ.

ಇನ್ನು ಬೀಟ್ರೂಟು. ಅದರ ಜಂಭ ಕೇಳಬೇಡಿ. ಹೆಚ್ಚುವಾಗಲೇ ಕೈ, ಮಣೆ, ಸಿಂಕು, ಸೀರೆಯ ಸೆರಗು ಎಲ್ಲ ತನ್ನದೇ ಎನ್ನುತ್ತದೆ. ಕಾಗದಕ್ಕೆ ಬಳಿದ ದಿನವಂತೂ ಮದುಮಗಳ ಹಾಗೆ ಕಂಗೊಳಿಸುತ್ತದೆ. ಆದರೆ ಅದರ ಬಣ್ಣಕ್ಕೆ ಬಿಸಿಯೂ ಆಗದು, ಬೆಳಕೂ ಆಗದು. ಕಿಟಕಿ ಹತ್ತಿರ ಇಟ್ಟರೆ ಕೆಲವೇ ದಿನಗಳಲ್ಲಿ ಸಪ್ಪೆ ಕಂದು. ತಿಂಡಿಯಲ್ಲಿ ಮಾತ್ರ ಇದಕ್ಕೆ ಒಳ್ಳೆ ನೌಕರಿ ಇದೆ: ಪ್ಯಾಕೆಟ್ಟಿನ ಹಿಂದೆ ಬಣ್ಣದ ಸಂಖ್ಯೆ 162 ಅಂತಿದ್ದರೆ ಅದು ಬೀಟ್ರೂಟಿನದು. 100 ಅಂತಿದ್ದರೆ ಅರಿಶಿನದ್ದು.

ಅರಿಶಿನ ಸಿಪ್ಪೆಯೂ ಅಲ್ಲ, ಕಸವೂ ಅಲ್ಲ, ನಿಜ. ಆದರೆ ಡಬ್ಬಿ ತೊಳೆದ ನೀರು ಇದೆಯಲ್ಲ, ಅದೇ ಸಾಕು. ಕಾರ್ಡಿಗೆ ಅರಿಶಿನ ಹೊಸದೇನೂ ಅಲ್ಲ ಬಿಡಿ. ಎಷ್ಟೇ ದುಡ್ಡು ಸುರಿದು ಚಿನ್ನದ ಅಕ್ಷರ ಹಾಕಿಸಿದ್ದರೂ, ನಾಲ್ಕು ಮೂಲೆಗೆ ಅರಿಶಿನ ಬೀಳುವ ತನಕ ಅದು ಲಗ್ನಪತ್ರಿಕೆ ಅನ್ನಿಸುವುದೇ ಇಲ್ಲ. ನಾನು ಇಡೀ ಹಾಳೆಗೇ ಬಳಿದು ಒಣಗಿಸುತ್ತೇನೆ. ಆಮೇಲೆ ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಕಡ್ಡಿಯಿಂದ ಬರೆಯುತ್ತೇನೆ. ಬರೆದಲ್ಲೆಲ್ಲ ಕೆಂಪು! ಆರತಿಯ ಓಕುಳಿ ನೀರು ಕೆಂಪಾಗುವುದೂ ಹೀಗೇ. ಬಿಳಿ ಶರ್ಟಿನ ಮೇಲೆ ಬಿದ್ದ ಸಾರಿನ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುವುದೂ ಹೀಗೇ. ಸುಣ್ಣದಂತೆ ಸೋಪೂ ಕ್ಷಾರ. ನಿಂಬೆರಸ ಹಚ್ಚಿದರೆ ಮತ್ತೆ ಹಳದಿ.

ನೇರಳೆ ಕೋಸಿನದೂ ಇಂಥದೇ ಆಟ, ಇನ್ನೂ ಜಾಸ್ತಿ. ಪಲ್ಯಕ್ಕೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಒಪ್ಪಲಿಲ್ಲ. ಅದರ ನೀರಿಗೆ ನಿಂಬೆ ಹಿಂಡಿದರೆ ಗುಲಾಬಿ, ಅಡುಗೆ ಸೋಡಾ ಉದುರಿಸಿದರೆ ನೀಲಿ. ಸೋಡಾ ಜಾಸ್ತಿಯಾದರೆ ಹಸಿರು.

ನನಗೆ ಎಲ್ಲಕ್ಕಿಂತ ಇಷ್ಟ ದಾಳಿಂಬೆ ಸಿಪ್ಪೆ. ಸುಮ್ನೆ ಕುದಿಸಿದರೆ ಮಂಕು ಹಳದಿ, ಯಾರೂ ತಿರುಗಿ ನೋಡುವುದಿಲ್ಲ. ತುಕ್ಕು ಹಿಡಿದ ಮೊಳೆಗಳನ್ನು ಹುಳಿನೀರಿನಲ್ಲಿ ನೆನೆಸಿಟ್ಟು, ಆ ನೀರನ್ನು ನಾಲ್ಕು ಹನಿ ಬಿಟ್ಟರೆ ಕಪ್ಪು ಶಾಯಿ ತಯಾರು. ನೆಲ್ಲಿಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುತ್ತದಲ್ಲ, ಅದೇ ಕಥೆ: ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಹಳೇ ಕಾಲದ ಬರವಣಿಗೆಯ ಶಾಯಿಗಳನ್ನೂ ಇದೇ ಉಪಾಯದಿಂದ ಮಾಡುತ್ತಿದ್ದರು. ಬೀಟ್ರೂಟು ಮಾಸಿ ಹೋದ ಮೇಲೂ ಈ ಅಕ್ಷರ ಇರುತ್ತದೆ.

ಹೀಗಾಗಿ ಕಾರ್ಡು ಯಾರಿಗೆ ಎನ್ನುವುದನ್ನು ನೋಡಿ ತರಕಾರಿ ಆರಿಸುತ್ತೇನೆ. ಬಂದ ಕಾಗದವನ್ನೆಲ್ಲ ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುವ ದೊಡ್ಡಮ್ಮನಿಗೆ ಬೀಟ್ರೂಟಿನದು. ಕತ್ತಲಲ್ಲಿ ಅದು ಒಂದಷ್ಟು ದಿನ ಬಾಳುತ್ತದೆ. ಎಲ್ಲವನ್ನೂ ಕಿಟಕಿ ಪಕ್ಕದ ಷೋಕೇಸಿನಲ್ಲಿ ನಿಲ್ಲಿಸುವ ಚಿಕ್ಕಪ್ಪನಿಗೆ ಈರುಳ್ಳಿಯ ಹಾಳೆ, ದಾಳಿಂಬೆಯ ಅಕ್ಷರ. ನಾದಿನಿಯ ಮಗಳಿಗೆ ನೇರಳೆ ಕೋಸಿನ ಕಾರ್ಡು, ಹಿಂಡಿ ನೋಡಲಿ ಅಂತ ಜೊತೆಗೊಂದು ನಿಂಬೆಹಣ್ಣು. ಮರುದಿನವೇ ಫೋನು ಬಂತು. "ಅತ್ತೇ, ಶರಬತ್ತು ಚೆನ್ನಾಗಿತ್ತು. ಕಾರ್ಡಿಗೆ ಇನ್ನೊಂದು ನಿಂಬೆಹಣ್ಣು ಕಳಿಸ್ತೀರಾ?"