ಹಾರ್ವರ್ಡ್ ಹಾಕಿಲ್ವಾ?

ಮಗಳು ಈ ಸಲ ಮೆಡಿಕಲ್ ಸ್ಕೂಲ್‌ಗೆ ಅಪ್ಲೈ ಮಾಡ್ತಾಳೆ ಅಂತ ಗೊತ್ತಾಗಿದ್ದೇ ತಡ, ಇಲ್ಲಿ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನ ಯುಗಾದಿ ಊಟದ ಸಾಲಿಂದ ಹಿಡಿದು ದಾವಣಗೆರೆ ಫ್ಯಾಮಿಲಿ ಗ್ರೂಪ್‌ವರೆಗೂ ಒಂದೇ ಪ್ರಶ್ನೆ, ಹಾರ್ವರ್ಡ್ ಹಾಕಿದ್ದೀರಾ? ಹೋಳಿಗೆ ಬಡಿಸ್ತಿದ್ದೋರೂ ಕೇಳಿದ್ರು ಕಣ್ರೀ.

ತಪ್ಪು ಅವರದ್ದಲ್ಲ ಬಿಡಿ, ನಾವೆಲ್ಲ ಸಿಇಟಿ ಕಾಲದೋರು. ಊರಲ್ಲಿ ಆಪ್ಷನ್ ಎಂಟ್ರಿ ಅಂದ್ರೆ ಬೆಂಗಳೂರು ಮೆಡಿಕಲ್, ಮೈಸೂರು, ಹುಬ್ಬಳ್ಳಿ ಅಂತ ಇರೋದನ್ನೆಲ್ಲ ಸಾಲಾಗಿ ತುಂಬೋದು, ರ‍್ಯಾಂಕ್ ಎಲ್ಲಿಗೆ ತಳ್ಳುತ್ತೋ ಅಲ್ಲಿಗೆ ಹೋಗೋದು, ಒಂದು ಜಾಸ್ತಿ ಹಾಕಿದ್ರೆ ಯಾರ ಗಂಟೇನು ಹೋಗುತ್ತೆ? ಇಲ್ಲಿ ನಮ್ಮ ಗಂಟೇ ಹೋಗುತ್ತೆ. ಆಮ್ಕಾಸ್ ಅನ್ನೋ ಕಾಮನ್ ಅಪ್ಲಿಕೇಶನ್‌ಗೆ ಮೊದಲ್ನೇ ಸ್ಕೂಲಿಗೆ 175 ಡಾಲರ್, ಆಮೇಲೆ ಒಂದೊಂದಕ್ಕೂ 45ರ ಮೇಲೆ, ಅದು ಮುಗೀತು ಅನ್ನೋಷ್ಟರಲ್ಲಿ ಒಂದೊಂದು ಸ್ಕೂಲಿಂದ ಸೆಕೆಂಡರಿ ಅಂತ ಎರಡನೇ ಅಪ್ಲಿಕೇಶನ್ ಬರುತ್ತೆ, ಅದಕ್ಕೆ ಬೇರೆ ಫೀ, ಬೇರೆ ಪ್ರಬಂಧ. ನಮ್ಮ ಸ್ಕೂಲೇ ಯಾಕೆ ಬೇಕು ಅಂತ ಮೂವತ್ತು ಸ್ಕೂಲಿಗೆ ಮನಸಿಟ್ಟು ಬರೆಯೋಕೆ ಯಾವ ಮಗುವಿಗೆ ಸಾಧ್ಯ?

ಮಗಳ ಮೊದಲ ಎಕ್ಸೆಲ್ ಶೀಟಲ್ಲಿ 34 ಹೆಸರಿತ್ತು. ಎಂಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆಯಲ್ಲಿ 528ಕ್ಕೆ ಇವಳದ್ದು 513, ಸೀಟು ಸಿಕ್ಕೋರ ಆವರೇಜೇ ಹತ್ತಿರ ಹತ್ತಿರ 512, ಅಂದ್ರೆ ಹಿಗ್ಗೋ ಹಾಗೂ ಇಲ್ಲ, ಕುಗ್ಗೋ ಹಾಗೂ ಇಲ್ಲ. ಸೇರಿದೋರ ಸ್ಕೋರ್ ಕಮ್ಮಿ ಇರೋ ಸ್ಕೂಲೆಲ್ಲ ಸೇಫ್ ಅಂತ ಹಸಿರು ಬಣ್ಣ ಹಾಕಿದ್ಲು. ಒಂದು ರಾತ್ರಿ ಕಾಫಿ ಮಾಡ್ಕೊಂಡು ಇಬ್ರೂ ಕೂತು, ದುಡ್ಡು ಕೊಟ್ಟು ತಗೊಂಡಿದ್ದ ಎಂಎಸ್‌ಎಆರ್, ಅಂದ್ರೆ ಮೆಡಿಕಲ್ ಸ್ಕೂಲ್‌ಗಳ ಅಂಕಿಅಂಶದ ಪಟ್ಟಿ, ತೆಗೆದು ಒಂದೊಂದೇ ಸ್ಕೂಲಲ್ಲಿ ಹೊರರಾಜ್ಯದೋರು ಎಷ್ಟು ಜನ ಸೇರಿದ್ದಾರೆ ನೋಡ್ತಾ ಹೋದ್ವಿ. ಮಿಸಿಸಿಪ್ಪಿ ಯೂನಿವರ್ಸಿಟಿ ಅವರ ರಾಜ್ಯದೋರನ್ನ ಬಿಟ್ಟು ಯಾರನ್ನೂ ತಗೊಳಲ್ಲ, ನಾರ್ತ್ ಕ್ಯಾರೊಲೈನಾದ ಬ್ರೋಡಿ ಮೆಡಿಕಲ್ ಸ್ಕೂಲೂ ಹಂಗೇ, ಟೆಕ್ಸಸ್‌ನ ಸರ್ಕಾರಿ ಸ್ಕೂಲ್‌ಗಳಲ್ಲಿ ನೂರಕ್ಕೆ ತೊಂಬತ್ತು ಸೀಟು ಟೆಕ್ಸಸ್‌ನೋರಿಗೇ. ಹಸಿರು ಬಣ್ಣದ್ದೇ ಮೊದಲು ಹಾರಿಹೋಯ್ತು. ಕಾಫಿ ಆರಿಹೋಗಿತ್ತು, ಅವಳ ಮುಖನೂ.

ಹಂಗಂದ್ರೆ ಒಹಾಯೋದಲ್ಲಿರೋ ನಮಗೆ ಒಹಾಯೋನೇ ಗಟ್ಟಿ ನೆಲ. ಒಹಾಯೋ ಸ್ಟೇಟ್, ಸಿನ್ಸಿನಾಟಿ, ಟೊಲೆಡೋ, ರೈಟ್ ಸ್ಟೇಟ್, ರೂಟ್ಸ್‌ಟೌನ್‌ನಲ್ಲಿರೋ ನಿಯೋಮೆಡ್, ಇವೆಲ್ಲ ಶೀಟಿನ ಬುಡದಿಂದ ಮೇಲಕ್ಕೆ ಬಂದ್ವು. ಒಹಾಯೋ ಯೂನಿವರ್ಸಿಟಿಯ ಡಿಓ, ಅಂದ್ರೆ ಆಸ್ಟಿಯೋಪಥಿಕ್ ಡಾಕ್ಟರ್ ಡಿಗ್ರಿ ಕೂಡ ಸೇರಿಸಿದ್ವಿ. ಡಿಓ ಅಂದ್ರೆ ಹೋಮಿಯೋಪತಿನಾ ಅಂತ ಊರಿಂದ ಒಬ್ಬರು ಕೇಳಿದ್ರು, ಅಲ್ಲ ಸ್ವಾಮಿ, ಇಲ್ಲಿ ಅವರೂ ಆಪರೇಷನ್ ಮಾಡೋ ಪೂರ್ತಿ ಡಾಕ್ಟರೇ, ಡಿಗ್ರಿ ಆದ್ಮೇಲೆ ಆಸ್ಪತ್ರೆಲಿ ಮಾಡೋ ರೆಸಿಡೆನ್ಸಿ ತರಬೇತಿನೂ ಎಂಡಿಗಳ ಜೊತೆನೇ, ಇಲ್ಲಿ ಎಂಡಿ ಅಂದ್ರೆ ನಮ್ಮ ಎಂಬಿಬಿಎಸ್ ಥರದ ಮೊದಲ ಡಿಗ್ರಿ.

ನಮಗಾದ್ರೂ ಗ್ರೀನ್ ಕಾರ್ಡ್ ಬಂದಿದೆ. ಪರಿಚಯದೋರ ಮಗ ನಾಲ್ಕು ವರ್ಷದವನಿದ್ದಾಗ ಬಂದೋನು, ಅಪ್ಪ-ಅಮ್ಮನ ಕೆಲಸದ ವೀಸಾಗೆ ಅಂಟಿಕೊಂಡ ಎಚ್-4 ವೀಸಾದಲ್ಲೇ ಬೆಳೆದ, 21 ತುಂಬಿದ ಕೂಡ್ಲೇ ಎಫ್-1 ಅನ್ನೋ ವಿದ್ಯಾರ್ಥಿ ವೀಸಾ ಮಾಡ್ಕೋಬೇಕಾಯ್ತು, ಈಗ ಸ್ಕೂಲ್‌ಗಳ ಲೆಕ್ಕದಲ್ಲಿ ಅವನು ಇಂಟರ್‌ನ್ಯಾಷನಲ್, ಸರ್ಕಾರಿ ಸ್ಕೂಲ್‌ಗಳಲ್ಲಿ ಹೆಚ್ಚಿನವು ಅಪ್ಲಿಕೇಶನ್ ನೋಡೋದೂ ಇಲ್ಲ. ಅವನಿಗೆ ಸ್ಕೋರ್ ನಮ್ಮ ಮಗಳಿಗಿಂತ ಜಾಸ್ತಿ. ಅವರಮ್ಮನ ಎದುರು ನಾನು ಈ ಶೀಟಿನ ಮಾತೇ ಎತ್ತಲ್ಲ.

ಈಗ ಶೀಟಲ್ಲಿ 19 ಸ್ಕೂಲ್ ಉಳಿದಿದೆ. ಹಾರ್ವರ್ಡ್ ಇಲ್ಲ. ಆಸೆಗೆ ಒಂದು ಇರ್ಲಿ ಅಂತ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಲರ್ನರ್ ಮೆಡಿಕಲ್ ಕಾಲೇಜ್ ಇಟ್ಕೊಂಡಿದ್ದಾಳೆ, ವರ್ಷಕ್ಕೆ 32 ಸೀಟು, ಐದು ವರ್ಷ, ಟ್ಯೂಷನ್ ಫೀ ಇಲ್ಲ.

ಮೊನ್ನೆ ಅಣ್ಣ ಫೋನ್ ಮಾಡಿ, ಅದ್ಯಾವುದೇ ಟೊಲೆಡೋ, ಕೇಳೇ ಇಲ್ವಲ್ಲ ಅಂದ. ಎರಡೂವರೆ ಗಂಟೆ ಡ್ರೈವ್ ಕಣೋ, ಭಾನುವಾರ ಸಾರು ಮಾಡಿ ಡಬ್ಬಿಗೆ ಹಾಕ್ಕೊಂಡು ಹೋಗಬಹುದು ಅಂದೆ.