ಮೋಯ್ಸ್ ತಲೆಗೆ ಕಟ್ಟಿದ್ದು ಸಾಕು

ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಯಾಕೆ ಹೀಗೆ ಕುಸಿದುಬಿತ್ತು ಅಂತ ಯಾರನ್ನೇ ಕೇಳಿ, ಮೊದಲು ಬರುವ ಹೆಸರು ಡೇವಿಡ್ ಮೋಯ್ಸ್. ಪಾಪ, 2013ರಲ್ಲಿ ಸರ್ ಅಲೆಕ್ಸ್ ಫರ್ಗ್ಯುಸನ್ ಬಿಟ್ಟ ಮ್ಯಾನೇಜರ್ ಕುರ್ಚಿಯಲ್ಲಿ ಆ ಮನುಷ್ಯ ಕೂತಿದ್ದೇ ಹತ್ತು ತಿಂಗಳು. ಆಮೇಲೆ ವ್ಯಾನ್ ಗಾಲ್ ಬಂದರು, ಮೌರಿನ್ಯೊ ಬಂದರು, ಸೋಲ್‌ಶಾರ್, ಟೆನ್ ಹಾಗ್, ಅಮೋರಿಮ್ ಬಂದರು. ನಡುನಡುವೆ ಕಪ್‌ಗಳೂ ಬಂದವು, ಇಲ್ಲ ಅನ್ನಲ್ಲ. ಪ್ರೀಮಿಯರ್ ಲೀಗ್ ಮಾತ್ರ ಬರಲಿಲ್ಲ. 2024-25ರಲ್ಲಂತೂ 15ನೇ ಸ್ಥಾನ. ಇಷ್ಟು ಜನರೂ ದಡ್ಡರಾ?

ನನ್ನ ಲೆಕ್ಕದಲ್ಲಿ ಕುಸಿತ ಶುರುವಾದದ್ದು ಫರ್ಗ್ಯುಸನ್, ಅಂದರೆ ನಮ್ಮ ಫರ್ಗಿ, ಇರುವಾಗಲೇ. ಬೈಯುವ ಮುಂಚೆ ಪೂರ್ತಿ ಓದಿ.

2005ರಲ್ಲಿ ಗ್ಲೇಜರ್ ಕುಟುಂಬ ಕ್ಲಬ್ ಕೊಂಡಿತು. ಬಹುಪಾಲು ಸಾಲದ ದುಡ್ಡು, ಆ ಸಾಲವನ್ನು ಹೊರಿಸಿದ್ದು ಕ್ಲಬ್ಬಿನ ಮೇಲೆಯೇ. ಟಿಕೆಟ್ ದುಡ್ಡು, ಟಿವಿ ದುಡ್ಡು ಬಡ್ಡಿಗೆ ಹೋಗತೊಡಗಿತು. 2009ರಲ್ಲಿ ರೊನಾಲ್ಡೊನನ್ನು 8 ಕೋಟಿ ಪೌಂಡಿಗೆ ಮಾರಿದರು. ಅದೇ ಬೇಸಿಗೆಯಲ್ಲಿ ಬಂದವರು ಯಾರು? ವೆಲೆನ್ಸಿಯಾ, ಒಬೆರ್ತಾನ್, ಪುಕ್ಕಟೆ ಸಿಕ್ಕ ಮೈಕಲ್ ಓವೆನ್. ಕೊಡುವ ದುಡ್ಡಿಗೆ ತಕ್ಕ ಆಟಗಾರರು ಸಿಗುತ್ತಿಲ್ಲ ಅಂತ ಫರ್ಗಿ ಹೇಳುತ್ತಿದ್ದರು. ಮಾಲೀಕರ ವಿರುದ್ಧ ಒಂದು ಮಾತು ಆಡಲಿಲ್ಲ. ಅಷ್ಟು ದೊಡ್ಡ ಮನುಷ್ಯ ಆಡಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ.

2012-13ರಲ್ಲಿ ಫರ್ಗಿ 11 ಪಾಯಿಂಟ್ ಅಂತರದಲ್ಲಿ ಲೀಗ್ ಗೆದ್ದೇ ಹೊರಟರು. ಆ ಗೆಲುವೇ ನಮ್ಮ ಕಣ್ಣಿಗೆ ಮಣ್ಣೆರಚಿದ್ದು. ಗಿಗ್ಸ್‌ಗೆ ಆಗ 39, ಫರ್ಡಿನಾಂಡ್‌ಗೆ 34. ಸ್ಕೋಲ್ಸ್ ಅದೇ ವರ್ಷ ನಿವೃತ್ತಿ. ವ್ಯಾನ್ ಪರ್ಸಿ ಲೀಗ್‌ನಲ್ಲಿ 26 ಗೋಲು ಹೊಡೆಯದಿದ್ದರೆ ಆ ತಂಡ ಗೆಲ್ಲುತ್ತಿತ್ತಾ? ಫರ್ಗಿಯ ಕೊನೇ ಪಂದ್ಯ ವೆಸ್ಟ್ ಬ್ರಾಮ್ ಮೇಲೆ. 5-2 ಮುಂದಿದ್ದವರು ಕೊನೇ ಹತ್ತು ನಿಮಿಷದಲ್ಲಿ ಮೂರು ಗೋಲು ಬಿಟ್ಟುಕೊಟ್ಟು 5-5 ಮಾಡಿಕೊಂಡರು. ಎಲ್ಲರೂ ನಕ್ಕು ಸುಮ್ಮನಾದರು.

ಕೂಡು ಕುಟುಂಬದಲ್ಲಿ ಬೀಗದ ಕೈಗಳನ್ನೆಲ್ಲ ಒಬ್ಬ ಯಜಮಾನನೇ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾನಲ್ಲ, ಹಾಗಿತ್ತು ಕ್ಲಬ್ಬು. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಎಲ್ಲ ಫರ್ಗಿ ತಲೆಯಲ್ಲಿ. ದುಡ್ಡಿನ ವ್ಯವಹಾರ ನೋಡುತ್ತಿದ್ದ ಡೇವಿಡ್ ಗಿಲ್ ಕೂಡ ಅದೇ ಬೇಸಿಗೆಯಲ್ಲಿ ಹೊರಟರು. ಇಬ್ಬರನ್ನೂ ಒಟ್ಟಿಗೆ ಕಳಿಸಿದ ಬುದ್ಧಿವಂತರು ಯಾರೋ! ಗಿಲ್ ಜಾಗಕ್ಕೆ ಬಂದವರು ಬ್ಯಾಂಕಿಂಗ್ ಹಿನ್ನೆಲೆಯ ಎಡ್ ವುಡ್‌ವರ್ಡ್. ಆಟಗಾರರನ್ನು ಕೊಳ್ಳುವ ತುರ್ತು ಕೆಲಸವಿದೆ ಅಂತ ಆಸ್ಟ್ರೇಲಿಯಾ ಪ್ರವಾಸ ಅರ್ಧಕ್ಕೇ ಬಿಟ್ಟು ಓಡಿದರು. ಆಟಗಾರರನ್ನು ಕೊಳ್ಳುವ ಗಡುವಿನ ಕೊನೇ ದಿನ ಸಿಕ್ಕಿದ್ದು ಫೆಲ್ಲೈನಿ ಒಬ್ಬ, ಅದೂ ಜುಲೈನಲ್ಲಿ ಕೊಳ್ಳಬಹುದಾಗಿದ್ದ ಬೆಲೆಗಿಂತ ಜಾಸ್ತಿ ಕೊಟ್ಟು.

ಹಾಗಂತ ಮೋಯ್ಸ್ ತಪ್ಪೇ ಮಾಡಲಿಲ್ಲ ಅಂತಲ್ಲ. ಫರ್ಗಿಯ ಕೋಚ್‌ಗಳಾದ ಫೀಲನ್, ಮ್ಯೂಲೆನ್‌ಸ್ಟೀನ್ ಇಬ್ಬರೂ ಹೊರಗೆ ಹೋದರು, ಮೋಯ್ಸ್ ತಮ್ಮ ಹಳೇ ಕ್ಲಬ್ ಎವರ್ಟನ್‌ನಿಂದ ತಮ್ಮವರನ್ನು ಕರೆತಂದರು. 2014ರ ಫೆಬ್ರವರಿಯಲ್ಲಿ ಓಲ್ಡ್ ಟ್ರಾಫರ್ಡ್‌ಗೆ ಫುಲ್ಹಮ್ ಬಂತು, ಪಟ್ಟಿಯ ಕಟ್ಟಕಡೆಯ ತಂಡ. ಅದರ ಕೋಚ್ ಇದೇ ಮ್ಯೂಲೆನ್‌ಸ್ಟೀನ್! ಯುನೈಟೆಡ್ ಅವತ್ತು 80ಕ್ಕೂ ಹೆಚ್ಚು ಕ್ರಾಸ್ ಹಾಕಿತು, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಒದ್ದಿತು. ಎಡದಿಂದ ಒಂದು, ಬಲದಿಂದ ಒಂದು, ಮತ್ತೆ ಎಡದಿಂದ. ಫುಲ್ಹಮ್‌ನ ಎತ್ತರದ ಡಿಫೆಂಡರ್‌ಗಳು ಸುಮ್ನೆ ನಿಂತಲ್ಲೇ ತಲೆ ಕೊಟ್ಟು ಕಳಿಸುತ್ತಿದ್ದರು. ಹೇಗೋ 2-1 ಆಯಿತು ಅನ್ನುವಷ್ಟರಲ್ಲಿ ಇಂಜುರಿ ಟೈಮ್‌ನಲ್ಲಿ ಡ್ಯಾರೆನ್ ಬೆಂಟ್ ಸಮ ಮಾಡಿಬಿಟ್ಟ. ಫರ್ಗಿ ಕಾಲದಲ್ಲಿ ಯುನೈಟೆಡ್ ಕೊನೇ ಗಳಿಗೆಯಲ್ಲಿ ಗೋಲು ಹೊಡೆಯುತ್ತಿತ್ತು ಅಂತಲೇ ಆ ಹೊತ್ತಿಗೆ ‘ಫರ್ಗಿ ಟೈಮ್’ ಅನ್ನುತ್ತಿದ್ದರು. ಆ ಫರ್ಗಿ ಟೈಮ್‌ನಲ್ಲೇ ಗೋಲು ತಿನ್ನುವ ಯುನೈಟೆಡ್! ಬೆಂಗಳೂರಿನ ಪಬ್‌ಗಳಲ್ಲಿ ಕೆಂಪು ಜೆರ್ಸಿ ಹಾಕಿಕೊಂಡು ಕೂತವರಿಗೂ ಅವತ್ತು ವಿಷಯ ಅರ್ಥವಾಗಿರಬೇಕು.

ಲಿವರ್‌ಪೂಲ್ ನೋಡಿ. ಹೊಗಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳಲೇಬೇಕು. 2024ರಲ್ಲಿ ಮ್ಯಾನೇಜರ್ ಕ್ಲಾಪ್ ಹೊರಟಾಗ ಆಟಗಾರರನ್ನು ಆರಿಸುವ ಕೆಲಸಕ್ಕೆ ಬೇರೆ ಜನ ಇದ್ದರು. ಅರ್ನೆ ಸ್ಲಾಟ್ ಬಂದರು. ಆ ಬೇಸಿಗೆಯಲ್ಲಿ ತಂಡಕ್ಕೆ ಸೇರಿಕೊಂಡ ಹೊಸಬ ಕಿಯೇಸಾ ಒಬ್ಬನೇ, ಅವನು ಲೀಗ್‌ನಲ್ಲಿ ಆಡಿದ್ದೂ ಕಡಿಮೆ. ಮೊದಲ ವರ್ಷವೇ ಲೀಗ್ ಗೆದ್ದರು. ಮೋಯ್ಸ್‌ಗೆ ಅಂಥ ವ್ಯವಸ್ಥೆ ಕೊಟ್ಟಿದ್ದರೆ ಲೀಗ್ ಗೆಲ್ಲುತ್ತಿದ್ದರು ಅಂತ ನಾನು ಹೇಳಲ್ಲ. ಏಳನೇ ಸ್ಥಾನಕ್ಕೆ ಬೀಳುತ್ತಿರಲಿಲ್ಲ ಅಷ್ಟೇ.

ಫರ್ಗಿ ಭಕ್ತರು ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಬಹುದು. ಗ್ಲೇಜರ್‌ಗಳ ಪರ ವಾದ ಮಾಡುವವರು ಮಾತ್ರ ದಯವಿಟ್ಟು ಈ ಕಡೆ ಬರಬೇಡಿ.